ಹಗ್ಗದ ಕೊನೆಯವಳು

ಭಾನುವಾರ, ಬೆಳಿಗ್ಗೆ

ನನ್ನ ಹಟಮಾರಿ ಮಗಳೇ,

ನಿನ್ನೆಯಿಂದ ನೀನು ಮಾಡಿದ ಫೋನುಗಳನ್ನೆಲ್ಲ ನೋಡಿದ್ದೇನೆ. ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು "ಅಮ್ಮಾ, ಅದೆಲ್ಲ ಆಮೇಲೆ, ಗೆದ್ರಾ ಸೋತ್ರಾ ಅಷ್ಟು ಹೇಳು" ಎಂದು ಅಡ್ಡ ಬರುತ್ತೀಯ. ಕಾಗದದಲ್ಲಿ ಆ ತಾಪತ್ರಯವಿಲ್ಲ. ಇಲ್ಲಿ ನಾನು ಆಡಿದ್ದೇ ಮಾತು, ನೀನು ತೆಪ್ಪಗೆ ಕೂತು ಓದಬೇಕು. ಯಾವ ಪುಸ್ತಕ ಸಿಕ್ಕಿದರೂ ಕೊನೆಯ ಪುಟ ಮೊದಲು ನೋಡುವ ಚಾಳಿ ನಿನ್ನದು. ಈ ಸಲ ಹಾಗೆ ಮಾಡಿದೆಯೋ, ನೋಡು ಮತ್ತೆ!

ಮೊಣಕಾಲು ತರಚಿದೆ, ಗಲ್ಲದ ಕೆಳಗೆ ಮಣ್ಣು ಉಜ್ಜಿದ ಗಾಯವಿದೆ, ಬೆನ್ನು ಹಿಡಿದುಕೊಂಡಿದೆ. ಆದರೂ ಬೆಳಿಗ್ಗೆಯಿಂದ ಒಬ್ಬಳೇ ನಗುತ್ತಾ ಮನೆಯೆಲ್ಲ ಓಡಾಡುತ್ತಿದ್ದೇನೆ. ಪಕ್ಕದ ಮನೆಯವರು ಗೋಡೆ ತಟ್ಟಿ ಏನಾಯಿತೆಂದು ಕೇಳಿದರು.

ನಮ್ಮ ಬಾಜಿ ಮರೆತಿಲ್ಲ. ಹಗ್ಗಜಗ್ಗಾಟದಲ್ಲಿ ನಮ್ಮ ಲಾಂಡ್ರಿಯ ಹೆಂಗಸರು ಗೆದ್ದರೆ ನಾನು ಕೆಲಸದಲ್ಲಿ ಇರುವುದು, ನೀನು ಆ ಮಾತು ಮತ್ತೆ ಎತ್ತಬಾರದು. ಸೋತರೆ ನಾನು ಕೆಲಸ ಬಿಟ್ಟು, ಈ ಮನೆ ಖಾಲಿ ಮಾಡಿ, ನಿನ್ನ ಮನೆಗೆ ಬಂದು ಇರುವುದು, ನಾನು ತುಟಿ ಪಿಟಕ್ಕೆನ್ನಬಾರದು. ನಮ್ಮ ತಂಡ ಹುಟ್ಟಿದಾಗಿನಿಂದ ಒಂದು ಸುತ್ತೂ ಗೆದ್ದಿಲ್ಲವೆಂದು ಗೊತ್ತಿದ್ದೇ ನೀನು ಬಾಜಿ ಕಟ್ಟಿದ್ದು, ಕಳ್ಳಿ! ನಾನು ರೋಷಕ್ಕೆ ಬಿದ್ದು ಹೂಂ ಎಂದೆ. ಫೋನ್ ಇಟ್ಟ ಮೇಲೆ ಆಟಕ್ಕೆ ಎಷ್ಟು ದಿನ ಉಳಿದಿದೆ ಎಂದು ಕ್ಯಾಲೆಂಡರಿನಲ್ಲಿ ಎಣಿಸಿದೆ.

ನೀನು ಯಾಕೆ ಹಾಗೆ ಹಟ ಹಿಡಿದೆ ಎಂದು ನನಗೆ ಗೊತ್ತಿಲ್ಲದೆ ಇಲ್ಲ. ನನ್ನ ಕೈಯ ಪ್ಲಾಸ್ಟರ್ ಬಿಚ್ಚಿದ ವಾರ ನೀನು ಇಲ್ಲಿಗೆ ಬಂದಿದ್ದಾಗ ಕುದಿಯುವ ನೀರಿನ ಪಾತ್ರೆ ನನ್ನ ಕೈ ಜಾರಿ ಬಿತ್ತಲ್ಲ, ನಿನ್ನ ಪಾದದಿಂದ ಒಂದು ಗೇಣು ದೂರದಲ್ಲಿ. ನೀನು ಬಟ್ಟೆ ತಂದು ನೆಲ ಒರೆಸಿದೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಲ್ಲಿಯ ಸದ್ದಿಗೆ ಅಳು ಕೇಳುವುದಿಲ್ಲ ಎಂಬ ಉಪಾಯ ನೀನು ಕಲಿತದ್ದು ನನ್ನಿಂದಲೇ, ಹಾಗಾಗಿ ನನಗೆ ಗೊತ್ತಾಯಿತು.

ಆಗ ನನ್ನ ಬಲಗೈ ನನ್ನದೇ ಅನ್ನಿಸುತ್ತಿರಲಿಲ್ಲ, ಮಗಳೇ. ಒದ್ದೆ ನೆಲದಲ್ಲಿ ಪರದೆಗಳ ಹೊರೆಯ ಸಮೇತ ಜಾರಿ ಬಿದ್ದಾಗ ಮುರಿದದ್ದು ಮಣಿಕಟ್ಟು ಮಾತ್ರ. ಪ್ಲಾಸ್ಟರಿನ ಒಳಗೆ ಕೂತು ಕೂತು ಇಡೀ ಕೈಯೇ ಸೊರಗಿತ್ತು. ಯಾರದೋ ಕೈ ತಂದು ನನಗೆ ಅಂಟಿಸಿದ್ದಾರೆ ಅನ್ನಿಸುತ್ತಿತ್ತು. ಡಬ್ಬಿಯ ಮುಚ್ಚಳ ತಿರುಗುತ್ತಿರಲಿಲ್ಲ, ಬೀಗದ ಕೈ ತಿರುಗುತ್ತಿರಲಿಲ್ಲ, ತಲೆ ಬಾಚುತ್ತಾ ಬಾಚಣಿಗೆ ಬೀಳುತ್ತಿತ್ತು. ಲಾಂಡ್ರಿಯ ಮೇಡಂ ಒಳ್ಳೆಯವರು, ನನ್ನನ್ನು ಮನೆಗೆ ಕಳಿಸಲಿಲ್ಲ. ಒದ್ದೆ ಕೋಣೆಯಿಂದ ತೆಗೆದು ಮುಂದಿನ ಕಿಟಕಿಯಲ್ಲಿ ಟೋಕನ್ ಕೊಡಲು ಕೂರಿಸಿದರು. ಫ್ಯಾನ್ ಇದೆ, ಮೆತ್ತನೆ ಕುರ್ಚಿ ಇದೆ, ಎಲ್ಲರೂ ಅದೃಷ್ಟ ಎಂದರು. ನನಗೆ ಮಾತ್ರ ಒಳಗಿನಿಂದ ನೀರಿನ ಸದ್ದು, ನಗು, ನಿನ್ನ ಮೆಣಸಿನಕಾಯಿ ಚಿಕ್ಕಮ್ಮನ ಬೈಗುಳ ಕೇಳಿದಾಗಲೆಲ್ಲ ಶಾಲೆಯಿಂದ ಹೊರಗೆ ನಿಲ್ಲಿಸಿದ ಹಾಗಾಗುತ್ತಿತ್ತು.

ಆ ಮೆಣಸಿನಕಾಯಿಯ ಜೊತೆ ನಾನು ಬಟ್ಟೆ ಹಿಂಡಲು ಶುರು ಮಾಡಿದಾಗ ನೀನಿನ್ನೂ ತೊದಲುತ್ತಿದ್ದೆ. ಹೋಟೆಲುಗಳ ಭಾರದ ಪರದೆ, ಅಂಚಿಗೆ ಕಸೂತಿ ಇರುವ ಉದ್ದನೆಯ ಮೇಜುಬಟ್ಟೆ, ಇವನ್ನು ಯಂತ್ರಕ್ಕೆ ಹಾಕಿದರೆ ಹರಿಯುತ್ತವೆ, ಇಬ್ಬರು ಎರಡು ತುದಿ ಹಿಡಿದು ತಿರುಚಲೇಬೇಕು. ಆ ತುದಿಯಲ್ಲಿ ಅವಳಿಗೆ ಮೈ ಸರಿಯಿಲ್ಲವೆಂದು ಈ ತುದಿಯಲ್ಲಿ ನನ್ನ ಅಂಗೈಗೆ ತಿಳಿಯುತ್ತದೆ. ಗಂಡನ ಜೊತೆ ಜಗಳ ಆಡಿ ಬಂದ ದಿನವೂ ತಿಳಿಯುತ್ತದೆ, ಅವತ್ತು ಬಟ್ಟೆಯಲ್ಲಿ ಒಂದು ಹನಿ ನೀರು ಉಳಿಯುವುದಿಲ್ಲ. ಇಂಥದ್ದನ್ನು ಬಿಟ್ಟು ನಾನು ನಿನ್ನ ಮನೆಯ ಸೋಫಾದಲ್ಲಿ ಶೋಕೇಸಿನ ಗೊಂಬೆಯಂತೆ ಕೂರಬೇಕಿತ್ತು. ಬೇಡ ಎಂದರೆ ನೀನು ನೊಂದುಕೊಳ್ಳುತ್ತೀಯ, ಹೂಂ ಎಂದರೆ ನಾನು ಸಾಯುತ್ತೇನೆ. ಅದಕ್ಕೇ ಬಾಜಿ.

ಇನ್ನು ಕೈಯ ಕಥೆ ಕೇಳು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವವರು ನಿನಗಿಂತ ಚಿಕ್ಕವರು, ನಾನು ಕೈ ಮೇಷ್ಟ್ರು ಎಂದು ಹೆಸರಿಟ್ಟಿದ್ದೇನೆ. ಮೊದಲ ದಿನ ಹಿಡಿತ ಅಳೆಯುವ ಯಂತ್ರ ಕೊಟ್ಟು ಅಮುಕಿ ಎಂದರು. ಮುಖ ಕೆಂಪಾಗುವಂತೆ ಅಮುಕಿದೆ, ಮುಳ್ಳು ಸ್ವಲ್ಪ ಅಲುಗಾಡಿ ಅಲ್ಲೇ ನಿಂತಿತು. ಯಂತ್ರ ಕೆಟ್ಟಿದೆ ಎಂದೆ. ಅವರು ನನ್ನ ಎಡಗೈಗೆ ಕೊಟ್ಟರು, ಮುಳ್ಳು ಸರ್ರನೆ ಮೇಲೆ ಹೋಯಿತು. ಹಗ್ಗ ಎಳೆಯಬೇಕು ಎಂದು ಹೇಳಿದಾಗ ಅವರು ತಲೆ ಕೆರೆದುಕೊಂಡರೇ ಹೊರತು ಆಗುವುದಿಲ್ಲ ಎನ್ನಲಿಲ್ಲ. ಆ ಒಂದು ಉಪಕಾರಕ್ಕೆ ನಾನು ಅವರಿಗೆ ಚಿರಋಣಿ.

ಶುರುವಾದದ್ದು ಬೆಚ್ಚಗಿನ ನೀರಿನಲ್ಲಿ ಸ್ಪಂಜು ಹಿಂಡುವುದರಿಂದ. ಸ್ಪಂಜು! ಪರದೆ ಹಿಂಡಿದ ಕೈಗೆ ಸ್ಪಂಜು! ಆಮೇಲೆ ಐದೂ ಬೆರಳಿನ ಸುತ್ತ ರಬ್ಬರ್ ಬ್ಯಾಂಡ್ ಹಾಕಿ ಬೆರಳು ಅಗಲಿಸುವುದು. ಮುಷ್ಟಿ ಗಟ್ಟಿಯಾಗಲು ಬೆರಳು ಬಿಚ್ಚುವುದೇಕೆ ಎಂದು ವಾದ ಮಾಡಿದೆ. ಮುಚ್ಚುವ ಸ್ನಾಯುವನ್ನು ಮಾತ್ರ ಸಾಕಿದರೆ ಬಿಚ್ಚುವ ಸ್ನಾಯು ಮುನಿಸಿಕೊಂಡು ಮೊಣಕೈಯಲ್ಲಿ ನೋವಾಗಿ ಕೂರುತ್ತದೆ ಎಂದರು. ಆಮೇಲೆ ಬಕೆಟ್ ತುಂಬ ಅಕ್ಕಿ ಹಾಕಿ, ಅದರೊಳಗೆ ಕೈ ಹುಗಿದು, ಮುಚ್ಚುವುದು, ಬಿಚ್ಚುವುದು, ತಿರುಗಿಸುವುದು. ಮೆಣಸಿನಕಾಯಿ ಒಂದು ದಿನ ಮನೆಗೆ ಬಂದವಳು ಆ ಬಕೆಟ್ಟನ್ನು ನೋಡಿ, ತಟ್ಟೆಯಲ್ಲಿದ್ದ ಅನ್ನವನ್ನೂ ನೋಡಿ, "ಏನೇ, ಇದು ಅದೇ ಅಕ್ಕಿನಾ?" ಎಂದು ಕೇಳಿದಳು. ಅಲ್ಲ ಎಂದೆ. ನಂಬಲಿಲ್ಲ, ಆದರೂ ಉಂಡಳು.

ಹಿಡಿತ ಎಂದರೆ ಒಂದೇ ಎಂದುಕೊಂಡಿದ್ದೆ ನಾನು. ಹಿಂಡುವ ಹಿಡಿತ ಬೇರೆ, ಚಿವುಟುವ ಹಿಡಿತ ಬೇರೆ, ಜೋತುಬೀಳುವ ಹಿಡಿತವೇ ಬೇರೆಯಂತೆ! ಚಿವುಟುವುದಕ್ಕೆ ದಪ್ಪ ಪುಸ್ತಕವನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದೆ. ನಿನ್ನ ಹಳೆಯ ನಿಘಂಟು ಕೊನೆಗೂ ಒಂದು ಉಪಯೋಗಕ್ಕೆ ಬಂತು. ಹಗ್ಗಕ್ಕೆ ಬೇಕಾದದ್ದು ಜೋತುಬೀಳುವ ಹಿಡಿತ, ಬಿಗಿಯುವುದಕ್ಕಿಂತ ಬಿಡದೆ ಇರುವುದು ಮುಖ್ಯ. ನೀರು ತುಂಬಿದ ಎರಡು ಬಕೆಟ್, ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದ್ದು, ಎರಡೂ ಕೈಯಲ್ಲಿ ಹಿಡಿದು ಓಣಿಯ ಈ ತುದಿಯಿಂದ ಆ ತುದಿಗೆ ನಡೆದೆ. ನಲ್ಲಿಯಲ್ಲಿ ನೀರು ಬರುತ್ತಿಲ್ಲವೇ ಎಂದು ದಾರಿಯುದ್ದಕ್ಕೂ ವಿಚಾರಣೆ. ಆಮೇಲೆ ಮಕ್ಕಳ ಪಾರ್ಕಿನ ಕಂಬಿಗೆ ಟವೆಲ್ ಹಾಕಿ, ಅದರ ಎರಡು ತುದಿ ಹಿಡಿದು ಜೋತುಬೀಳುವುದು. ಮೊದಲು ಕಾಲು ನೆಲಕ್ಕೆ ತಾಗಿಸಿಕೊಂಡು, ಆಮೇಲೆ ಎತ್ತಿ. ಕಾಲು ಎತ್ತಿದ ಮೊದಲ ದಿನ ಜಾರುಬಂಡಿಯ ಮೇಲಿದ್ದ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನಿನ್ನ ಶಾಲೆಯ ನಾಟಕಕ್ಕೂ ನಾನು ಅಷ್ಟು ಜೋರಾಗಿ ತಟ್ಟಿರಲಿಲ್ಲವೇನೋ.

ನಡುವೆ ಒಂದು ಎಡವಟ್ಟು ಮಾಡಿಕೊಂಡೆ, ನಿನಗೆ ಹೇಳಿರಲಿಲ್ಲ. ಒಂದು ದಿನ ಮಾಡಿ ಒಂದು ದಿನ ಬಿಡಿ ಎಂದು ಕೈ ಮೇಷ್ಟ್ರು ಹೇಳಿದ್ದರು. ಬಿಡುವುದು ಸೋಮಾರಿಗಳ ಕೆಲಸ ಎಂದುಕೊಂಡು ನಾನು ದಿನಾ ಮಾಡಿದೆ. ಟೋಕನ್ ಕಿಟಕಿಯ ಕೆಳಗೆ ರಬ್ಬರ್ ಚೆಂಡು, ಬಸ್ಸಿನಲ್ಲಿ ರಬ್ಬರ್ ಚೆಂಡು, ಟೀವಿಯ ಮುಂದೆ ರಬ್ಬರ್ ಚೆಂಡು. ಕೆಲವೇ ದಿನಕ್ಕೆ ಮುಂಗೈ ಕಲ್ಲಾಯಿತು, ಬೆಳಿಗ್ಗೆ ಎದ್ದರೆ ಬೆರಳು ಮಡಚುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಲಾರದೆ ಒಂದು ದಿನ ಶಾಲು ಹೊದ್ದುಕೊಂಡೇ ಕೆಲಸಕ್ಕೆ ಹೋದೆ. ಯಂತ್ರ ಅಮುಕಿದರೆ ಮುಳ್ಳು ಮೊದಲಿದ್ದ ಜಾಗಕ್ಕೇ ವಾಪಸ್. ಚೆನ್ನಾಗಿ ಬೈಸಿಕೊಂಡೆ. "ಅಮ್ಮಾ, ವ್ಯಾಯಾಮ ಮಾಡುವಾಗ ಕೈ ದಣಿಯುತ್ತೆ ಅಷ್ಟೇ. ಬಲ ಬರೋದು ಅದು ಸುಮ್ನೆ ಇದ್ದಾಗ. ನೀವು ಅದನ್ನ ಸುಮ್ನೆ ಇರೋಕೇ ಬಿಡ್ತಿಲ್ವಲ್ಲ" ಎಂದರು.

ಒಂದು ವಾರ ಏನೂ ಮಾಡಬಾರದು ಎಂದು ಶಿಕ್ಷೆ. ಬೆಚ್ಚಗಿನ ನೀರಲ್ಲಿ ಕೈ ಅದ್ದು, ಮುಂಗೈಯನ್ನು ಮೊಣಕೈ ಕಡೆಗೆ ನೀವಿಕೊ, ಅಂಗೈಯನ್ನು ಗೋಡೆಗೆ ಚಪ್ಪಟೆ ಒತ್ತಿ ನಿಲ್ಲು, ಹೊಟ್ಟೆ ತುಂಬ ಉಣ್ಣು, ಬೇಗ ಮಲಗು. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ದಣಿವಿನ ನೋವು ಯಾವುದು, ಎಚ್ಚರಿಕೆಯ ನೋವು ಯಾವುದು ಎಂದು ಆ ವಾರ ಕಲಿತೆ. ಮೊದಲನೆಯದು ಇಡೀ ಮುಂಗೈಯಲ್ಲಿ ಹರಡಿಕೊಂಡು ಬೆಚ್ಚಗಿರುತ್ತದೆ, ಎರಡನೆಯದು ಒಂದೇ ಕಡೆ ಚುಚ್ಚುತ್ತದೆ. ವಾರ ಕಳೆದು ಯಂತ್ರ ಅಮುಕಿದರೆ ನನ್ನ ಕಣ್ಣನ್ನು ನಾನೇ ನಂಬಲಿಲ್ಲ, ಮುಳ್ಳು ಎಡಗೈಯ ಗುರುತಿನ ಹತ್ತಿರ ಹೋಗಿತ್ತು!

"ನೋಡು ಅಮ್ಮಾ, ನಾನೂ ವಿಶ್ರಾಂತಿ ವಿಶ್ರಾಂತಿ ಎಂದು ಇದನ್ನೇ ಬಡಕೊಂಡದ್ದು" ಎಂದು ನೀನು ಈಗ ಹೇಳುತ್ತೀಯ. ಅಲ್ಲ ಮಗಳೇ. ಇದು ಮತ್ತೆ ಎತ್ತುವುದಕ್ಕಾಗಿ ಹೊರೆ ಇಳಿಸುವುದು. ನೀನು ಹೇಳುವುದು ಇಳಿಸಿ ಮರೆತುಬಿಡುವುದು. ಎರಡಕ್ಕೂ ಹೆಸರು ಒಂದೇ ಇದೆ, ಅದೇ ತೊಂದರೆ.

ಸರಿ, ನಿನ್ನೆಯ ವಿಷಯಕ್ಕೆ ಬರುತ್ತೇನೆ. ಮೈದಾನದಲ್ಲಿ ಸುತ್ತಲಿನ ಎಲ್ಲ ಕಾರ್ಖಾನೆ, ಗೋದಾಮುಗಳ ಜನ. ನಮ್ಮ ಎಂಟು ಮಂದಿಯಲ್ಲಿ ಮೆಣಸಿನಕಾಯಿ ಮುಂದಿನವಳು, ನಾನು ಹಗ್ಗದ ಕೊನೆಯವಳು. ಕೊನೆಯವಳ ಬೆನ್ನ ಮೇಲಿಂದ ಹಗ್ಗ ಹಾದು ಬರುತ್ತದೆ, ಅವಳು ಬೇರು ಬಿಟ್ಟ ಹಾಗೆ ನಿಲ್ಲಬೇಕು. ಆ ಜಾಗ ಬೇಡ, ನಡುವೆ ನಿಲ್ಲು ಎಂದು ಎಲ್ಲರೂ ಹೇಳಿದರು. ನಾನು ಹಿಂದೆಯೇ ಹೋಗಿ ನಿಂತೆ. ಮೊದಲ ಸುತ್ತಿನಲ್ಲಿ ಕೊರಿಯರ್ ಗೋದಾಮಿನವರು ಸಿಕ್ಕರು, ಪೀಪಿ ಊದಿದ್ದೇ ತಡ ಅವರನ್ನು ದರದರ ಎಳೆದು ಹಾಕಿದೆವು! ಮೊದಲ ಗೆಲುವು! ಏನು ಮಾಡಬೇಕೆಂದು ತಿಳಿಯದೆ ನಾವು ಸೋತವರ ಹಾಗೆ ಮುಖ ಮುಖ ನೋಡಿಕೊಂಡು ನಿಂತೆವು. ಎರಡನೆಯ ಸುತ್ತೂ ನಮ್ಮದೇ. ಮೇಡಂ ಕುರ್ಚಿಯ ಮೇಲೆ ಹತ್ತಿ ಕೂಗುತ್ತಿದ್ದರು, ಇಳಿಸಲು ಇಬ್ಬರು ಬೇಕಾಯಿತು.

ಕೊನೆಯ ಸುತ್ತಿಗೆ ಬೇಕರಿಯವರು. ಹೊತ್ತು ಹುಟ್ಟುವ ಮುಂಚೆ ಎದ್ದು ಹಿಟ್ಟು ನಾದುವ ಹೆಂಗಸರು, ಒಬ್ಬೊಬ್ಬರ ಮುಂಗೈ ನೋಡಬೇಕಿತ್ತು ನೀನು. ಕೈಗೆ ಮೈದಾ ಹಚ್ಚಿಕೊಂಡು ಬಂದರು. ಪೀಪಿ ಊದಿದರು, ಹಗ್ಗ ನೆಟ್ಟಗಾಯಿತು, ಆಮೇಲೆ ಅಲುಗಾಡಲೇ ಇಲ್ಲ. ಅವರೂ ಎಳೆಯುತ್ತಿಲ್ಲ, ನಾವೂ ಎಳೆಯುತ್ತಿಲ್ಲ, ಹದಿನಾರು ಜನ ಸುಮ್ಮನೆ ಹಗ್ಗಕ್ಕೆ ಜೋತುಬಿದ್ದಿದ್ದೇವೆ. ಅಲ್ಲೇ ನನಗೆ ಪಾರ್ಕಿನ ಕಂಬಿ ಕೆಲಸಕ್ಕೆ ಬಂತು. ಬೆರಳು ಕೊಕ್ಕೆಯಾಗಿ ನಿಂತವು. ಮಣಿಕಟ್ಟು ಬೆಚ್ಚಗಾಯಿತು, ಚುಚ್ಚಲಿಲ್ಲ. ನನ್ನ ಕೈ, ಮಗಳೇ! ಆ ಹೊತ್ತಿಗೆ ಅದು ಪೂರ್ತಿ ನನ್ನ ಕೈ ಆಗಿತ್ತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಆಮೇಲೆ ಅವರ ಸಾಲಿನಲ್ಲಿ ಯಾರದೋ ಕಾಲು ಜಾರಿತು. ಹಗ್ಗ ನಮ್ಮ ಕಡೆ ಒಂದು ಹೆಜ್ಜೆ ಬಂತು. ಇನ್ನೊಂದು ಹೆಜ್ಜೆ. ನಡುವಿನ ಕೆಂಪು ಬಟ್ಟೆ ನಮ್ಮ ಗೆರೆಯ ಹತ್ತಿರಕ್ಕೆ ಬಂತು, ಇನ್ನು ಒಂದು ಮೊಳ ಬಂದಿದ್ದರೆ ಮುಗಿಯುತ್ತಿತ್ತು. ಜನ ಹುಚ್ಚೆದ್ದು ಕೂಗುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಕೇಳಿತು, ಗಂಟಲು ಹರಿಯುವ ಹಾಗೆ: "ಗೆದ್ವಿ ಬಿಡ್ರೇ!"

ಲಾಂಡ್ರಿಯ ಹೆಂಗಸರಿಗೆ ಕೂಗಬಾರದ ಮಾತು ಅದೊಂದೇ. ಚಿಕ್ಕವಳಿದ್ದಾಗ ನನ್ನ ಎದುರು ನಿಂತು ಹಿಂಡಲು ಕಲಿತವಳು ನೀನು, ನೆನಪಿರಬೇಕು. ತಿರುಚಿ ತಿರುಚಿ ಬಟ್ಟೆ ಹಗ್ಗದಂತಾದಾಗ ಒಬ್ಬಳು "ಬಿಡು" ಎನ್ನುತ್ತಾಳೆ, ಇಬ್ಬರೂ ಅದೇ ಕ್ಷಣ ಕೈ ಬಿಡಬೇಕು. ಒಬ್ಬಳು ಬಿಟ್ಟು ಇನ್ನೊಬ್ಬಳು ಹಿಡಿದುಕೊಂಡಳೋ, ಬಟ್ಟೆ ಸುರುಳಿ ಬಿಚ್ಚಿಕೊಂಡು ಮಣಿಕಟ್ಟನ್ನೇ ತಿರುಚಿ ಹಾಕುತ್ತದೆ. ಹಾಗಾಗಿ ಆ ಶಬ್ದ ನಮ್ಮವರ ಕಿವಿಗೆ ಹೋಗುವುದೇ ಇಲ್ಲ, ನೇರ ಬೆರಳಿಗೆ ಹೋಗುತ್ತದೆ. ಕೂಗಿದವರು ಹೇಳಿದ್ದು ಗೆದ್ದೇಬಿಟ್ಟೆವು ಎಂದು. ಬೆರಳುಗಳಿಗೆ ಕೇಳಿದ್ದು ಬಿಡ್ರೇ ಎಂದು.

ಏಳು ಹೆಂಗಸರು ಒಟ್ಟಿಗೆ ಹಗ್ಗ ಬಿಟ್ಟರು! ಎಷ್ಟು ಚೆಂದವಾಗಿ ಬಿಟ್ಟರೆಂದರೆ, ಒಬ್ಬರೂ ಹಿಂದೆ ಮುಂದೆ ಇಲ್ಲ. ಬೇಕರಿಯ ಎಂಟು ಮಂದಿ ಧಡಾರನೆ ಹಿಂದಕ್ಕೆ ಒಬ್ಬರ ಮೇಲೊಬ್ಬರು ಬಿದ್ದು ಮೈದಾ ಧೂಳೆದ್ದಿತು. ಹಗ್ಗದ ಈ ಕಡೆ ಉಳಿದವಳು ನಾನೊಬ್ಬಳೇ. ನಾನು ಬಿಡಲಿಲ್ಲ. ಹೊಟ್ಟೆಯ ಮೇಲೆ ಬಿದ್ದು, ಹಗ್ಗದ ಜೊತೆ ಜಾರುತ್ತಾ ನಮ್ಮ ಗೆರೆ, ನಡುಗೆರೆ, ಅವರ ಗೆರೆ ಎಲ್ಲ ದಾಟಿ, ಬೇಕರಿಯವರ ಕಾಲ ಬುಡಕ್ಕೆ ಹೋಗಿ ನಿಂತೆ. ಆಟ ನೋಡಲು ಬಂದಿದ್ದ ಕೈ ಮೇಷ್ಟ್ರು ಪ್ರಥಮ ಚಿಕಿತ್ಸೆಯ ಡಬ್ಬಿ ಹಿಡಿದು ಓಡಿ ಬಂದು, "ಬಿಡಿ ಅಮ್ಮಾ, ಮುಗೀತು, ಬಿಡಿ" ಎಂದು ಗೋಗರೆದರು. ಆಗಲೂ ಬೆರಳು ಬಿಚ್ಚಲಿಲ್ಲ. ಒಂದೊಂದೇ ಬೆರಳನ್ನು ಅವರೇ ಬಿಡಿಸಬೇಕಾಯಿತು. ಮಣಿಕಟ್ಟನ್ನು ಎಲ್ಲ ಕಡೆ ಒತ್ತಿ ನೋಡಿದರು, ಎಲ್ಲೂ ನೋವಿಲ್ಲ. ಆಮೇಲೆ ಅಲ್ಲೇ ಮಣ್ಣಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಸೋತೆವು ಮಗಳೇ. ಒಂದು ಮೊಳದಲ್ಲಿ.

ಕೂಗಿದ್ದು ಯಾರು ಎಂದು ನಿನ್ನೆ ಸಂಜೆಯಿಡೀ ಪಂಚಾಯಿತಿ ನಡೆಯಿತು. ಬಟ್ಟೆಯ ಗಂಟು ಸಾಗಿಸುವ ನಮ್ಮ ವ್ಯಾನ್ ಡ್ರೈವರು ಸಾಲಿನ ಹಿಂದೆಯೇ ನಿಂತಿದ್ದ, ಅವನ ಗಂಟಲು ಮೊದಲೇ ದೊಡ್ಡದು. ನಾನಲ್ಲ ಎಂದು ಅವನು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಇನ್ನು ಮೇಲೆ ಅವನಿಗೆ ಚಹಾ ಇಲ್ಲವೆಂದು ಮೆಣಸಿನಕಾಯಿ ಸಾರಿಬಿಟ್ಟಳು. ನಾನು ಆ ಪಂಚಾಯಿತಿಗೆ ಬಾಯಿ ಹಾಕಲು ಹೋಗಲಿಲ್ಲ.

ಹೊರಡುವಾಗ ಮೇಡಂ ಹತ್ತಿರ ಬಂದು, "ಒಂದನೇ ತಾರೀಕಿಂದ ಒಳಗಡೆನೇ ಬನ್ನಿ. ಈ ಕೈನ ಕಿಟಕೀಲಿ ಕೂರಿಸಿದ್ರೆ ನನಗೆ ಪಾಪ ಬರುತ್ತೆ" ಎಂದರು. ಎಷ್ಟು ತಿಂಗಳಿಂದ ಆ ಮಾತಿಗೆ ಕಾದಿದ್ದೆ ಗೊತ್ತೇ? ಮಗಳನ್ನು ಕೇಳಿ ಹೇಳುತ್ತೇನೆ ಎಂದು ಮಾತ್ರ ಹೇಳಿ ಬಂದೆ.

ಬಾಜಿ ಬಾಜಿಯೇ. ನೀನು ಗೆದ್ದೆ. ಬಾ ಎಂದರೆ ಬರುತ್ತೇನೆ, ಮುಖ ಊದಿಸಿಕೊಳ್ಳುವುದಿಲ್ಲ, ಅಳಿಯಂದಿರ ಮುಂದೆ ನಿಟ್ಟುಸಿರು ಬಿಡುವುದಿಲ್ಲ. ಅವರಿಗೂ ನಿನಗೂ ನನ್ನ ಮೇಲೆ ಎಷ್ಟು ಪ್ರೀತಿ ಎಂದು ಬಲ್ಲೆ. ಯಾವಾಗ ಬರಲಿ, ಏನೇನು ತರಲಿ ಎಂದು ಬರೆ. ಈ ಸಲ ಕುದಿಯುವ ನೀರನ್ನು ನಾನೇ ಇಳಿಸುತ್ತೇನೆ, ನೀನು ಪಕ್ಕದಲ್ಲಿ ಧೈರ್ಯವಾಗಿ ನಿಂತಿರು.

ಬಾಜಿ ಸೋತರೂ ನೆಲದ ಮೇಲೆ ಕಾಲು ನಿಲ್ಲದಷ್ಟು ಖುಷಿಯಲ್ಲಿರುವ,

ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ವ್ಯಾನ್ ಡ್ರೈವರು ಪಾಪದವನು, ಅವನ ಚಹಾ ತಪ್ಪಿಸಿದರೆ ನನಗೆ ಒಳ್ಳೆಯದಾಗುವುದಿಲ್ಲ. ನಾಳೆ ಬೆಳಿಗ್ಗೆ ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ, ಅದಕ್ಕೆ ಮೊದಲು ನಿನಗೆ ಹೇಳಿಬಿಡುತ್ತೇನೆ. ಕೂಗಿದವಳು ನಾನು. ಕೆಂಪು ಬಟ್ಟೆ ಗೆರೆಯ ಹತ್ತಿರ ಬಂದದ್ದು ಕಂಡು ತಡೆಯಲಾಗಲಿಲ್ಲ ಕಣೇ, ಬಾಯಿಗೆ ಬಂದುಬಿಟ್ಟಿತು! ಮುಂದಿನ ಏಳೂ ಜನ ಕೊನೆಯವಳಿಗೆ ಬೆನ್ನು ಹಾಕಿ ನಿಂತಿರುತ್ತಾರಲ್ಲ, ಅದಕ್ಕೇ ಅವರಿಗೆ ಗೊತ್ತಾಗಲಿಲ್ಲ. ಈಗ ನೀನೇ ನ್ಯಾಯ ಹೇಳು. ನೀನು ಬಾಜಿ ಕಟ್ಟಿದ್ದು ನನ್ನ ಕೈಯ ಮೇಲೆ, ಸೋತದ್ದು ನನ್ನ ಬಾಯಿ. ವಿಶ್ರಾಂತಿ ಕೊಡಿಸಲೇಬೇಕೆಂದಿದ್ದರೆ ಬಾಯಿಗೆ ಕೊಡಿಸು. ರಜೆಗೆ ಬಂದು ಒಂದು ವಾರ ನಿನ್ನ ಸೋಫಾದ ಮೇಲೆ ಮಾತಾಡದೆ ಕೂತಿರುತ್ತೇನೆ. ಕೈ ಮಾತ್ರ ಒಂದನೇ ತಾರೀಕಿಗೆ ಕೆಲಸಕ್ಕೆ ಹೋಗುತ್ತದೆ.